ಉಡಿ ತುಂಬಿ ಉಡಿಸಿದ ಸೀರೆ

ಗಂಜಿ ಬಿಡದ ಹೊಸ ಸೀರೆಯ ವಾಸನೆ ನನಗೆ ಇವತ್ತಿಗೂ ಆಗಿಬರುವುದಿಲ್ಲ. ಅಂಗಡಿಯವನು ಮಡಿಕೆ ಬಿಚ್ಚಿ ಹರವಿದರೆ ಮುಖ ತಿರುಗಿಸುತ್ತೇನೆ. ಬೆಲೆ ಕೇಳಿ ಹಾಗೆ ಮಾಡಿದೆನೆಂದು ಅವನು ತಿಳಿದರೆ ತಿಳಿಯಲಿ. ಆ ವಾಸನೆಯ ಹಿಂದೆಯೇ ದಾಂಡೇಲಿಯ ನಮ್ಮ ಎರಡು ಕೋಣೆಯ ಮನೆ, ಕಾಗದದ ಮಿಲ್ಲಿನ ಕಡೆಯಿಂದ ಬರುತ್ತಿದ್ದ ಬೆಂದ ಬಿದಿರಿನ ನಾತ, ಬಾಗಿಲ ಬಳಿ ಕೂತು ಕೆಮ್ಮುತ್ತಿದ್ದ ಅಪ್ಪ, ಎಲ್ಲವೂ ಬಂದುಬಿಡುತ್ತವೆ. ಈಗ ಆ ಮನೆಯೂ ಇಲ್ಲ, ಅಪ್ಪನೂ ಇಲ್ಲ. ನಿಮಗೂ ಇಂಥದೊಂದು ವಾಸನೆ ಇದ್ದೀತು.

ಅಪ್ಪ ಧಾರವಾಡದ ಕಡೆಯಿಂದ ಮಿಲ್ಲಿನ ಕೆಲಸಕ್ಕೆ ಬಂದವನು. ಒಂದು ವರ್ಷ ಹಾಸಿಗೆ ಹಿಡಿದ. ಕಾಗದದ ಕೆಟ್ಟ ಹಾಳೆ ಆರಿಸಿ ತೆಗೆಯುವ ಕೆಲಸಕ್ಕೆ ಹೆಂಗಸರನ್ನು ತೆಗೆದುಕೊಳ್ಳುತ್ತಾರೆಂದು ಕೇಳಿ ಅವ್ವ, ನನ್ನ ಅಕ್ಕ ಗಂಗಾಳನ್ನು ಕಳಿಸಲು ಮನಸ್ಸು ಗಟ್ಟಿ ಮಾಡಿದಳು. ಅಕ್ಕನಿಗೆ ಹದಿಮೂರು, ಸಾಲಿಯೆಂದರೆ ಪ್ರಾಣ. ದೊಡ್ಡವಳಂತೆ ಕಾಣಲೆಂದು ಅವ್ವ ಅವಳು ಸಾಲಿಗೆ ಹಾಕಿಕೊಳ್ಳುತ್ತಿದ್ದ ಪರಕರ ತೆಗೆಸಿ, ಗಂಜಿ ಬಿಡದ ಹೊಸ ಸೀರೆ ಉಡಿಸಿದಳು. ಸುಮ್ಮನೆ ಉಡಿಸಿದ್ದರೆ ಆಗುತ್ತಿತ್ತು. ಒಳ್ಳೆಯದಾಗಲಿ ಎಂದು ಓಣಿಯ ಹೆಂಗಸರನ್ನು ಕರೆದು, ಅಕ್ಕಿ, ಕೊಬ್ಬರಿಯಿಂದ ಉಡಿ ತುಂಬಿಸಿ, ಶಾಸ್ತ್ರೋಕ್ತವಾಗಿ ಉಡಿಸಿದಳು.

ಕೆಲಸಕ್ಕೆ ಸೇರುವವರ ವಯಸ್ಸು ನೋಡುವ ಡಾಕ್ಟರ ಬಳಿಗೆ ನಾನೂ ಹೋಗಿದ್ದೆ. ಅವರು ಸೀರೆಯತ್ತ ಕಣ್ಣೆತ್ತಿಯೂ ನೋಡಲಿಲ್ಲ. ಅಕ್ಕನ ಬಾಯಿ ತೆಗೆಸಿ ದವಡೆಯ ಹಲ್ಲು ನೋಡಿ, ಅವ್ವನತ್ತ ತಿರುಗಿದರು.

"ಈಕಿ ಇನ್ನಾ ಸಣ್ಣಾಕಿ ಅದಾಳ್ರೀ. ಹದಿನಾಲ್ಕು ತುಂಬೂತನಕ ಮಿಲ್ಲಿನೊಳಗ ಕಾಲಿಡಂಗಿಲ್ಲ. ಆಮ್ಯಾಲೂ ಹದಿನೈದು ತುಂಬೂತನಕ ದಿನಕ್ಕ ನಾಕೂವರಿ ತಾಸಷ್ಟ, ರಾತ್ರಿ ಪಾಳಿ ಇಲ್ಲ. ಕಾಯ್ದೆ ಐತಿ. ಸಾಲಿಗೆ ಕಳಸ್ರಿ."

ಅಕ್ಕ ನಿರಿಗೆ ಎತ್ತಿ ಹಿಡಿದು, ನಗುತ್ತ ಮನೆತನಕ ಓಡಿದಳು. ನಾನು ಹಿಂದೆ ಓಡಿದೆ. ಅಷ್ಟು ನಕ್ಕದ್ದು ಅವಳು ಅದೇ ಕಡೆಯ ಸಲ.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಅನ್ನುತ್ತಾರೆ. ಅಕ್ಕ ಸೀರೆ ಬಿಚ್ಚಿ ಪರಕರಕ್ಕೆ ಕೈಹಾಕಿದಾಗ ಎದುರುಮನೆಯ ನೀಲವ್ವ ತಡೆದಳು. "ಉಡಿ ತುಂಬಿ ಉಡಿಸಿದ ಸೀರಿ ಅದು. ಮತ್ತ ಪರಕರ ಹಾಕ್ಸಬಾರದವಾ, ಮನಿಗೆ ಒಳ್ಳೇದಲ್ಲ." ಹಾಸಿಗೆಯಲ್ಲಿದ್ದ ಅಪ್ಪನನ್ನು ನೋಡಿ ಅವ್ವ ಹೆದರಿದಳು. ಸೀರೆ ಉಟ್ಟವಳನ್ನು ಸಾಲಿಗೆ ಹೇಗೆ ಕಳಿಸುವುದು? ನೀಲವ್ವನೇ ಹತ್ತಿರದ ಸಾಂಬ್ರಾಣಿ ಊರಿನ ಗಂಡಿನ ಸಂಬಂಧ ತಂದಳು; ಮಳೆಗೆ ಮೊದಲೇ ಮದುವೆಯಾಯಿತು.

ನಾಗರಪಂಚಮಿಗೆ ತವರಿಗೆ ಬಂದ ಅಕ್ಕ ಹಬ್ಬಕ್ಕೆ ಕಟ್ಟಿದ ಜೋಕಾಲಿಯ ಮೇಲೆ ಕೂತವಳು, ಹಗ್ಗಕ್ಕೆ ತಲೆಯಾನಿಸಿ ಅಲ್ಲೇ ನಿದ್ದೆಹೋದಳು. ಅಂಗೈ ತುಂಬ ಬೊಬ್ಬೆ. ನನ್ನ ಪಾಳಿ ಬಂತೆಂದು ನಾನು ಅಲುಗಿಸಹೋದೆ.

"ಎಬ್ಬಸಬ್ಯಾಡ," ಅವ್ವ ಜೋಕಾಲಿಯನ್ನು ಅಲುಗದಂತೆ ಹಿಡಿದು ನಿಂತಳು. "ನಸುಕಿನ್ಯಾಗ ಬೀಸಾಕ ಕುಂತ್ರ ದೀಪ ಆರಿಸೂತನಕ ದುಡೀತಾಳಂತ. ಸಾಕು ಅನ್ನವರು ಅಲ್ಲಿ ಯಾರದಾರ?"

ಮರುವರ್ಷ ನಾವು ಜೋಕಾಲಿ ಕಟ್ಟಲಿಲ್ಲ. ಪಂಚಮಿಗೆ ಮೊದಲೇ, ಚೊಚ್ಚಲ ಹೆರಿಗೆಯಲ್ಲಿ ಅಕ್ಕ ಹೋಗಿಬಿಟ್ಟಳು. ಆಗ ಅವಳಿಗೆ ಹದಿನೈದು ತುಂಬಿರಲಿಲ್ಲ. ಮಿಲ್ಲಿನಲ್ಲಾಗಿದ್ದರೆ ಆ ವಯಸ್ಸಿನವಳನ್ನು ಮಧ್ಯಾಹ್ನಕ್ಕೇ ಮನೆಗೆ ಕಳಿಸುತ್ತಿದ್ದರು.