ಬೀಗ ಹಾಕಿದ ವೈ-ಫೈ

ನಾನು ಮ್ಯಾಟ್ರಿಕ್ ಪಾಸಾದದ್ದು ಮೂರನೆಯ ಸಲಕ್ಕೆ. ಆದರೂ ವಾಡಿಯ ಹತ್ತಿರದ ಒಂದು ದೊಡ್ಡ ಸಿಮೆಂಟ್ ಕಾರ್ಖಾನೆಯ ವೈ-ಫೈಯನ್ನೆಲ್ಲ ಗುತ್ತಿಗೆ ಹಿಡಿದು ನೋಡಿಕೊಳ್ಳುವವನು ನಾನೇ. ಇಂಜಿನಿಯರುಗಳು ನನ್ನನ್ನು ಕಂಡು ನಕ್ಕರೆ ನನಗೆ ಸಂತೋಷವೇ. ಚೌಕಾಸಿಯಲ್ಲಿ ಮೊದಲು ನಕ್ಕವನು ಸೋತಂತೆ. ಇದು ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಮಾರುವಾಗ ಕಲಿತ ಪಾಠ.

ನಮ್ಮ ಕಡೆ ಸಿಮೆಂಟ್ ಧೂಳು ಯಾರನ್ನೂ ಬಿಡುವುದಿಲ್ಲ. ಟಿವಿಗೆ ಬಟ್ಟೆ, ಮಿಕ್ಸರಿಗೆ ಚೀಲ, ಸೋಫಾಕ್ಕೆ ಅಂಗಡಿಯಿಂದ ಬಂದ ಪ್ಲಾಸ್ಟಿಕ್ಕೇ ಕೊನೆಯವರೆಗೆ. ಮುಚ್ಚಿಟ್ಟದ್ದು ಬಾಳುತ್ತದೆ ಎಂದು ನಂಬಿದ ಜನ ನಾವು. ಕಾರ್ಖಾನೆಯ ಸ್ಟೋರ್ ನೋಡಿಕೊಳ್ಳುವ ಆಚಾರ್ಯರೂ ಇದೇ ಮತದವರು. ವೈ-ಫೈ ಪೆಟ್ಟಿಗೆಗಳಿಗೆಲ್ಲ ಕಬ್ಬಿಣದ ತಗಡಿನ ಗೂಡು ಮಾಡಿಸಿ, ಬೀಗ ಜಡಿದು, ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡಿದ್ದರು. ಸಿಗ್ನಲ್ ಇಲ್ಲವೆಂದು ದೂರು ಬಂದರೆ ಇನ್ನೊಂದು ಪೆಟ್ಟಿಗೆ ತರಿಸುವರು. ಅದಕ್ಕೂ ಗೂಡು, ಅದಕ್ಕೂ ಬೀಗ. ಮಳಖೇಡದಲ್ಲಿ ಅಷ್ಟು ದಪ್ಪ ಕೋಟೆ ಕಟ್ಟಿದವರೂ ಬಾಗಿಲು ಬಿಡುವುದನ್ನು ಮರೆತಿರಲಿಲ್ಲ. ತಗಡು ದಾಟಿ ಅಲೆ ಬರುವುದಿಲ್ಲವೆಂದು ನಾನು ಒಮ್ಮೆ ಹೇಳಿ ಸುಮ್ಮನಾದೆ. ಪೆಟ್ಟಿಗೆ ಹೆಚ್ಚಿದಷ್ಟೂ ನನಗೆ ಕೆಲಸ ಹೆಚ್ಚುತ್ತಿತ್ತಲ್ಲ!

ಆಟ ಕೆಟ್ಟದ್ದು ಮುಖ ನೋಡಿ ಹಾಜರಿ ಹಾಕುವ ಯಂತ್ರ ಬಂದ ಮೇಲೆ. ವೈ-ಫೈ ಇಲ್ಲದಿದ್ದರೆ ಹಾಜರಿ ಇಲ್ಲ. ಹಾಜರಿ ಇಲ್ಲದಿದ್ದರೆ ಆ ದಿನದ ಪಗಾರವೂ ಇಲ್ಲ. ಪ್ಯಾಕಿಂಗ್ ಶೆಡ್ಡಿನಲ್ಲಿ ಕಸ ಗುಡಿಸುವ ಬಸಮ್ಮನಿಗೆ ಒಂದೇ ವಾರದಲ್ಲಿ ಮೂರು ದಿನ ಹೋದವು.

“ನಮ್ಮ ಓಣಿ ನಾಯಿನೂ ನನ್ನ ಗುರ್ತ ಹಿಡಿತದ. ನಿನ್ನ ಮಷೀನಿಗೇನು ಧಾಡಿ ಬಂದದೋ ಅಣ್ಣಾ?”

ಉತ್ತರ ನನಗೆ ಗೊತ್ತಿತ್ತು, ಅದಕ್ಕೇ ನಾಚಿಕೆಯಾಯಿತು. ನೇರ ಸ್ಟೋರಿಗೆ ಹೋದೆ.

“ಆಚಾರ್ರೆ, ಕೀಲಿ ಕೊಡ್ರಿ. ತಗಡು ಕಿತ್ತು ಒಗೀತೀನಿ.”

“ಹುಚ್ಚ ಹಿಡದದೇನ್ರಿ? ಧೂಳು ಹೊಕ್ಕು ಕೆಟ್ರ ಯಾರು ಹೊಣಿ?”

“ನಾ ತುಂಬಿ ಕೊಡ್ತೀನಿ.”

“ಬರದು ಕೊಡ್ರಿ. ಇಲ್ಲಾಂದ್ರ ಮುಂದಿನ ವರ್ಷದ ಗುತ್ತಿಗಿ ಮರೀರಿ.”

“ಬರೀತೀನಿ. ತಪ್ಪು ತಗಡಿಂದು ಅಂತ ನೀವೂ ಬರೀರಿ. ಬಸಮ್ಮನ ಮೂರು ದಿನ ವಾಪಸ್ ಬರಬೇಕು.”

ಭಾಳ ಹೊತ್ತು ಎಳೆದಾಡಿ ಇಬ್ಬರೂ ಬರೆದೆವು. ಗೂಡುಗಳನ್ನೆಲ್ಲ ಕಿತ್ತು, ಅಲೆ ತಡೆಯದ ಪ್ಲಾಸ್ಟಿಕ್ ಡಬ್ಬಿ ಹಾಕಿದೆ. ಮರುದಿನ ಬಸಮ್ಮ ಸೆರಗು ಸರಿಮಾಡಿಕೊಂಡು ಯಂತ್ರದೆದುರು ನಿಂತಳು. ಹಸಿರು ದೀಪ ಹತ್ತಿತು. “ಈಗ ಬಂತು ನೋಡು ಬುದ್ಧಿ,” ಎಂದಳು. ಯಂತ್ರಕ್ಕೋ ನನಗೋ, ಕೇಳುವ ಧೈರ್ಯವಾಗಲಿಲ್ಲ. ಹೋದ ಮೂರು ದಿನವೂ ಅವಳ ಲೆಕ್ಕಕ್ಕೆ ಬಂದವು.

ದೊಡ್ಡ ಸಂಸ್ಥೆಗಳ ವೈ-ಫೈ ನೋಡಿಕೊಳ್ಳುವವರೇ, ನೀವು ಕೇಳದಿದ್ದರೂ ಹೇಳುತ್ತೇನೆ: ಕಂಪ್ಯೂಟರಿನ ಮುಂದೆ ಕೂಡುವ ಮೊದಲು ಕಾರ್ಖಾನೆ ಸುತ್ತಿ ಬನ್ನಿ. ಸಾಹೇಬರ ಕೋಣೆಯಿಂದಲ್ಲ, ಕಸ ಗುಡಿಸುವವರು ನಿಲ್ಲುವ ಜಾಗದಿಂದ ಶುರುಮಾಡಿ.

ವರ್ಷ ತುಂಬುವುದರೊಳಗೆ ಎರಡು ಪೆಟ್ಟಿಗೆ ಧೂಳು ತಿಂದು ಸತ್ತವು. ಬರೆದುಕೊಟ್ಟಂತೆ ಹೊಸವನ್ನು ತಂದಿಟ್ಟೆ. “ನೋಡಿದ್ರೇನ್ರಿ?” ಎಂದು ಆಚಾರ್ಯರು ಹುಬ್ಬು ಹಾರಿಸಿದರು.

“ದುಡದು ಸತ್ತಾವ ಬಿಡ್ರಿ ಆಚಾರ್ರೆ. ನಮಗೂ ಅಂಥಾ ಸಾವು ಸಿಕ್ರ ಸಾಕು.”