ಕೊನೆಗೆ ಬಂದ ದಾಖಲೆ

ಬೆಳಗಿನ ಐದೂಮುಕ್ಕಾಲು. ಟೆಲಿಫೋನ್ ಕಚೇರಿಯ ಹಿಂಬದಿ ಕೋಣೆಯಲ್ಲಿ ಮೋಡೆಮ್‌ಗಳ ಹಸಿರು ದೀಪಗಳು ಮಿನುಗುತ್ತಿವೆ. ಅವುಗಳ ಎದುರು ಹಾಳೆಯ ಮೇಲೆ ಅಡಿಪಟ್ಟಿ ಇಟ್ಟು ಒಂದೊಂದೇ ಸಾಲು ಓದುತ್ತಿರುವವರು ಇಲ್ಲಿ ಎಲ್ಲರಿಗೂ 'ದಾಖಲೆ ಅಕ್ಕ'.

"ಅಕ್ಕಾ, ಸತ್ತ ಕರೆಗಳ ನಾಡಿ ನೋಡಿ ಆಯ್ತಾ?" ಲೈನ್‌ಮನ್ ಬಾಗಿಲಲ್ಲೇ ಕೆಣಕುತ್ತಾರೆ.

"ನಿಮಗಿಂತ ಅವಕ್ಕೇ ಜೀವ ಜಾಸ್ತಿ ಇದೆ. ಹೋಗಿ ಟೀ ತನ್ನಿ."

ಫೋನ್ ತಂತಿ ಬಿಟ್ಟು ಬೇರೇನೂ ತಲುಪದ ಗುಡ್ಡದ ಊರುಗಳು ಇಂದಿಗೂ ಈ ಕೋಣೆಗೆ ಡಯಲ್ ಮಾಡಿಯೇ ಇಂಟರ್‌ನೆಟ್ ಸೇರುತ್ತವೆ. ದಿನಕ್ಕೆ ಆರುನೂರು ಕರೆ. ಪ್ರತಿ ಕರೆಗೂ ಸರ್ವರ್ 'ಶುರು', 'ಮುಗಿಯಿತು' ಎಂದು ಎರಡು ದಾಖಲೆ ಕಳಿಸಬೇಕು. ಅದರಲ್ಲಿ ಇಪ್ಪತ್ತು ಮೂವತ್ತು ಕರೆಗಳಿಗೆ ಎರಡನೆಯದು ಬರುವುದೇ ಇಲ್ಲ. ಕರೆ ಸತ್ತಿರುತ್ತದೆ, ಪಟ್ಟಿಯಲ್ಲಿ ಬದುಕಿರುತ್ತದೆ. ಒಂದು ಹೆಸರಿಗೆ ಒಂದೇ ಕರೆ ಎಂಬುದು ನಿಯಮ; ಹಳೆಯದನ್ನು ಅಕ್ಕ ಪಟ್ಟಿಯಿಂದ ಕಡಿಯುವ ತನಕ ಆ ಮನೆಯವರಿಗೆ ಮತ್ತೆ ಸಂಪರ್ಕವಿಲ್ಲ.

ಆಪರೇಟರ್ ಆಗಿ ಸೇರಿದವರು ಅವರು. ಸ್ವಿಚ್‌ಬೋರ್ಡ್ ಹೋದ ಮೇಲೆ ಈ ವಿದ್ಯೆ ಯಾರೂ ಕಲಿಸಲಿಲ್ಲ. ಕೈಪಿಡಿ ಓದಿ ಓದಿ ಕಲಿತರು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಸಲ ತಪ್ಪಿದ್ದೀರಿ ಎಂದು ಪತ್ರಿಕೆಗೆ ಬರೆಯಲು ಬಂದ ನಾನು ಕೇಳಿದರೆ ಪೆನ್ನಿನ ಮುಚ್ಚಳ ತಿರುಗಿಸುತ್ತಾರೆ.

"ಒಂದು."

ಮೂರು ವರ್ಷದ ಹಿಂದೆ ಗುಡ್ಡದ ಆಸ್ಪತ್ರೆಯ ಹೆಸರಲ್ಲಿ ಪಟ್ಟಿಯಲ್ಲಿ ಎರಡು ಕರೆ ಕಂಡವು. ಮೊದಲು ಬಂದದ್ದು ಸತ್ತದ್ದು ಎಂದು ರೂಢಿಯಂತೆ ಕಡಿದರು. ಅದೇ ಜೀವಂತ ಕರೆ. ಅಲ್ಲಿನ ನರ್ಸಮ್ಮ ಒಬ್ಬ ಬಡಗಿಯ ಎದೆಬಡಿತದ ಚಿತ್ರವನ್ನು ಪೇಟೆಯ ಡಾಕ್ಟರಿಗೆ ಕಳಿಸುತ್ತಿದ್ದರು. ಪಟ್ಟಿಯಲ್ಲಿ ಉಳಿದದ್ದು ಆಗಲೇ ಮುಗಿದಿದ್ದ ಹಿಂದಿನ ಕರೆಯ 'ಶುರು' ದಾಖಲೆ, ದಾರಿಯಲ್ಲಿ ತಡವಾಗಿ ಕೊನೆಗೆ ಬಂದದ್ದು. ಅದರಿಂದಾಗಿ ಮತ್ತೆ ಡಯಲ್ ಮಾಡಿದರೂ ನಲವತ್ತು ನಿಮಿಷ ಸಂಪರ್ಕ ಸಿಗಲಿಲ್ಲ.

"ಎಷ್ಟು ತಡ ಅಂತ ದಾಖಲೆಯಲ್ಲೇ ಬರ್ದಿರುತ್ತೆ. ಬಂದ ಹೊತ್ತಿನಿಂದ ಅದನ್ನ ಕಳೆದು ನೋಡ್ಬೇಕಿತ್ತು, ನೋಡ್ಲಿಲ್ಲ. ಕೊನೆಗೆ ಬಂದದ್ದೆಲ್ಲ ಕೊನೆಗೆ ಹುಟ್ಟಿದ್ದಲ್ಲ."

ಬಡಗಿ ಉಳಿದರು. ಉಳಿ ಹಿಡಿಯುವಷ್ಟು ಶಕ್ತಿ ಈಗ ಅವರ ಎದೆಗಿಲ್ಲ. ಕಚೇರಿ 'ಲೈನ್ ದೋಷ' ಎಂದು ಬರೆದು ಕಡತ ಮುಚ್ಚಿತು.

"ನಾನೂ ಬಾಯಿ ಮುಚ್ಕೊಂಡೆ. ತನ್ನ ಕಾಲು ತಾಗಿ ತಂತಿ ಕಿತ್ತುಬಂತು ಅಂತ ಆ ನರ್ಸಮ್ಮ ಇವತ್ತಿಗೂ ಕೊರಗ್ತಾರಂತೆ. ನಿಜ ಹೇಳೋಣ ಅಂತ ಎರಡು ಸಲ ಫೋನ್ ಎತ್ತಿ ಇಟ್ಟುಬಿಟ್ಟೆ."

ಈಗ ಅಕ್ಕ ಪ್ರತಿ ಸಾಲಿನ ಪಕ್ಕ ತಡವನ್ನು ಕೆಂಪಿನಲ್ಲಿ ಬರೆದು ಕಳೆಯುತ್ತಾರೆ. ನಾನು ಹೊರಡುವಾಗ ಬಾಗಿಲ ತನಕ ಬರುತ್ತಾರೆ.

"ನನ್ನ ಹೊಗಳಿ ಬರ್ದಿದ್ದೆಲ್ಲ ಕತ್ತರಿಸಿದ್ರೂ ಪರವಾಗಿಲ್ಲ. ಕಡಿದಿದ್ದು ನಾನು, ನರ್ಸಮ್ಮನ ಕಾಲು ತಾಗ್ಲಿಲ್ಲ ಅನ್ನೋದೊಂದನ್ನ ದಪ್ಪಕ್ಷರದಲ್ಲಿ ಹಾಕಿ. ಅವರಿಗೀಗ ಕಣ್ಣು ಸ್ವಲ್ಪ ಮಂಜಂತೆ."