ದೊಡ್ಡಮ್ಮನ ಫೋಟೋಗೆ ಹಾಕಿದ ಹೂವು

ಹೋದ ವಾರ ನಮ್ಮನೆ ಬಾಣಲೆಯಲ್ಲಿ ಹುಚ್ಚೆಳ್ಳು ಸೀದುಹೋಯಿತು. ಹುರಿಯುತ್ತ ನಿಂತಿದ್ದಾಗ ಒಂದು ಫೋನ್ ಬಂತು, ಮಾತಿಗೆ ನಿಂತುಬಿಟ್ಟೆ. ಹುಚ್ಚೆಳ್ಳಿಗೆ ತಾಳ್ಮೆ ಅನ್ನುವುದೇ ಇಲ್ಲ. ಚಟಪಟ ಅಂದ ತಕ್ಷಣ ಕೆಳಗಿಳಿಸದಿದ್ದರೆ ಅದರ ಕಥೆ ಮುಗಿಯಿತು. ಹೊಗೆ ಮನೆಯೆಲ್ಲ ತುಂಬಿಕೊಂಡು ನಮ್ಮ ಯಜಮಾನರು ಕೆಮ್ಮುತ್ತ, ಬೈಯುತ್ತ ಹೊರಗೆ ಹೋದರು. ನಾನು ಮಾತ್ರ ಒಲೆ ಆರಿಸಿ ಅಲ್ಲೇ ನಿಂತೆ. ಆ ಕಮಟು ವಾಸನೆ ಅದಕ್ಕೆ ಮೊದಲು ನನ್ನ ಮೂಗಿಗೆ ಬಡಿದದ್ದು ಒಂದೇ ಒಂದು ಸಲ, ಪಕ್ಕದ ಮನೆ ದೊಡ್ಡಮ್ಮನ ಜಗಲಿಯಲ್ಲಿ...

ದೊಡ್ಡಮ್ಮ ಅಂದರೆ ರಕ್ತಸಂಬಂಧವೇನಲ್ಲ. ಆಂಡರ್ಸನ್‌ಪೇಟೆಯಲ್ಲಿ ನಮ್ಮ ಗೋಡೆಗೆ ಅವರ ಗೋಡೆ, ಅಷ್ಟೇ. ನಾನು ಮದುವೆಯಾಗಿ ಬಂದ ದಿನ ಗೋಡೆಯ ಮೇಲಿಂದ ಒಂದು ಬಟ್ಟಲು ಹುಚ್ಚೆಳ್ಳು ಚಟ್ನಿಪುಡಿ ದಾಟಿಸಿ, "ಲೇ ಹುಡುಗಿ, ಮುದ್ದೆ ನುಂಗಕ್ಕೆ ಬತ್ತದಾ ನಿಂಗೆ?" ಅಂದಿದ್ದರು. ನನಗೆ ಐವತ್ತು ಹತ್ತಿರವಾದರೂ ನಾನು ಅವರ ಬಾಯಲ್ಲಿ ಹುಡುಗಿಯೇ. ಮಗನನ್ನು ಬೈಯುವುದು ತಮಿಳಿನಲ್ಲಿ, ತರಕಾರಿಯವನ ಜೊತೆ ಚೌಕಾಸಿ ತೆಲುಗಿನಲ್ಲಿ, ನನ್ನ ಜೊತೆ ಮಾತು ಕನ್ನಡದಲ್ಲಿ. ಮೂರರಲ್ಲೂ ಬಾಯಿ ಒಂದೇ ಸಮ ಜೋರು.

ಅವರ ತವರು ಬಂಗಾರಪೇಟೆಯಿಂದಾಚೆ ಒಂದು ಹಳ್ಳಿ. ಹುಡುಗಿಯಾಗಿದ್ದಾಗ ಅಪ್ಪನ ಜೊತೆ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿಗೆ ಮೊಸರು ಮಾರಲು ಬರುತ್ತಿದ್ದರಂತೆ. ನಂದಿದುರ್ಗ ಅನ್ನುವ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ಒಬ್ಬ ತಮಿಳು ಹುಡುಗ ದಿನಾ ಬಂದು ಮೊಸರು ಕೊಳ್ಳುತ್ತಿದ್ದನಂತೆ. "ಅವ್ರ ಮನೇಲಿ ಮೊಸ್ರು ತಿನ್ನೋರೇ ಇರ್ಲಿಲ್ಲ ಕಣೇ" ಎಂದು ಹೇಳಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಆ ಮೊಸರಿನ ಮದುವೆಗೆ ಅಪ್ಪ ಒಪ್ಪಲಿಲ್ಲ. ಮಗಳು ಗಣಿ ಕೆಲಸಗಾರರ ಲೈನ್ ಮನೆಗೆ ಹೋದ ದಿನ ತಲೆಗೆ ನೀರು ಹಾಕಿಕೊಂಡು, ಅವಳು ನಮ್ಮ ಪಾಲಿಗೆ ಸತ್ತಳು ಎಂದು ಎಳ್ಳುನೀರು ಬಿಟ್ಟರು. ಅಲ್ಲಿಂದಾಚೆ ಗೌರಿ ಹಬ್ಬಕ್ಕೆ ಬಾಗಿನ ಬರಲಿಲ್ಲ, ಬಾಣಂತನಕ್ಕೆ ಕರೆಯಲಿಲ್ಲ. ಮೂಗು ಸೋರಿಸಿಕೊಂಡು ಸೊಂಟ ಬಿಡದಿದ್ದ ಒಬ್ಬ ತಮ್ಮನಿದ್ದ. ಅವನ ಸುದ್ದಿಯೂ ಇರಲಿಲ್ಲ. ಗಣಿ ಮುಚ್ಚಿತು, ಗಂಡ ವರ್ಷಗಟ್ಟಲೆ ಕೆಮ್ಮಿ ಹೋದರು, ಆಗಲೂ ತವರಿನಿಂದ ಒಂದು ನರಪಿಳ್ಳೆ ಬರಲಿಲ್ಲ.

ದೊಡ್ಡಮ್ಮ ಇದನ್ನೆಲ್ಲ ಅಳುತ್ತ ಹೇಳಿದವರಲ್ಲ. ಆದರೆ ಬೀದಿಯಲ್ಲಿ ಯಾವ ಹೆಂಗಸು ತೀರಿಕೊಂಡರೂ ಮೊದಲು ಹೋಗಿ ಕೇಳುತ್ತಿದ್ದ ಮಾತು ಒಂದೇ. "ತವ್ರಿನೋರು ಬಂದ್ರಾ? ಸೀರೆ ತಂದ್ರಾ?" ನಮ್ಮ ಕಡೆ ಹೆಣ್ಣಿಗೆ ಕೊನೆಯ ಸೀರೆ ತವರಿನದೇ ಆಗಬೇಕು. ಅದನ್ನು ಹೊದಿಸದೆ ಹೆಣ ಎತ್ತುವುದಿಲ್ಲ. ಸೀರೆ ಬಂದಿದೆ ಅಂದರೆ ಸಮಾಧಾನವಾಗಿ ಒಂದು ಕಡೆ ಕೂರುತ್ತಿದ್ದರು. ಒಮ್ಮೆ ಹಾಗೆ ಒಂದು ಸಾವಿನ ಮನೆಯಿಂದ ವಾಪಸ್ ಬರುವಾಗ, "ನಂಗೆ ಯಾರು ತತ್ತಾರೇ?" ಅಂದರು. ನಾನು ತರ್ತೀನಿ ದೊಡ್ಡಮ್ಮ ಅಂದೆ. "ನೀನು ತಂದ್ರೆ ಸೀರೆ ಆಯ್ತದೆ. ತವ್ರು ಆಯ್ತದಾ?" ಅಂದರು.

ನಮ್ಮ ಬೀದಿಯ ಹೆಂಗಸರದ್ದು ಒಂದು ಸಂಘ. ಚಟ್ನಿಪುಡಿ, ಸಂಡಿಗೆ, ಸಾರಿನಪುಡಿ ಮಾಡಿ ರಾಬರ್ಟ್‌ಸನ್‌ಪೇಟೆ ಅಂಗಡಿಗಳಿಗೆ ಹಾಕುತ್ತಿದ್ದೆವು. ಬರಬರುತ್ತ ಅಂಗಡಿಯವರು ಬಣ್ಣದ ಪೊಟ್ಟಣಗಳನ್ನು ಮುಂದಿಟ್ಟು ನಮ್ಮದನ್ನು ಹಿಂದೆ ತಳ್ಳಿದರು. ಆಗ ಫೋನಿನಲ್ಲಿ ವ್ಯಾಪಾರ ಮಾಡುವುದನ್ನು ಕಲಿಸಲು ಒಬ್ಬ ಹುಡುಗಿ ಬಂದಳು. ಫೇಸ್‌ಬುಕ್ಕಿನಲ್ಲಿ ಪೇಜು, ವಾಟ್ಸಾಪಿನಲ್ಲಿ ಗ್ರೂಪು, ರೀಲ್ಸು, ಏನೇನೋ. "ಪುಡಿನ ಯಾರೂ ನೋಡಲ್ಲ, ಮುಖ ನೋಡ್ತಾರೆ. ನಿಮ್ಮಲ್ಲಿ ಒಂದು ಮುಖ ಬೇಕು" ಅಂದಳು. ನಮ್ಮ ಅಧ್ಯಕ್ಷೆಯಮ್ಮ ತಟ್ಟನೆ ಸೆರಗು ಸರಿಮಾಡಿಕೊಂಡು ಮುಂದೆ ಕೂತರು. ಆ ಹುಡುಗಿ ಜಾಣೆ, ಅವರ ತಲೆಯ ಮೇಲಿಂದ ಹಿಂದೆ ನೋಡಿದಳು. ಮೂಲೆಯಲ್ಲಿ ದೊಡ್ಡಮ್ಮ ಮೊರ ಹಿಡಿದು ಕಲ್ಲು ಆರಿಸುತ್ತಿದ್ದರು.

"ಥೂ, ನನ್ ಮೊಕ ನೋಡಿ ಪುಡಿ ತಗೋತಾರಾ? ಇದ್ದೋರೂ ಓಡೋಯ್ತಾರೆ" ಅಂದರು ಮೊದಲು. ಆಮೇಲೆ ಏನೋ ಹೊಳೆದ ಹಾಗೆ ಮೊರ ಕೆಳಗಿಟ್ಟು, "ಅಲ್ಲಮ್ಮಾ, ಇದು ಬಂಗಾರ್‌ಪೇಟೆಗೂ ಓಯ್ತದಾ?" ಎಂದು ಕೇಳಿದರು. ಅಮೆರಿಕಕ್ಕೂ ಹೋಗುತ್ತೆ ಅಜ್ಜಿ, ಅಂದಳು ಹುಡುಗಿ. "ಅಮೇರಿಕ ಕಟ್ಕೊಂಡು ನಂಗೇನಾಗ್ಬೇಕು? ಬಂಗಾರ್‌ಪೇಟೆಗೆ ಓಯ್ತದಾ ಏಳು." ಹೋಗುತ್ತೆ ಅಂದ ಮೇಲೆಯೇ ಕ್ಯಾಮೆರಾ ಮುಂದೆ ಕೂತದ್ದು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ನನಗೆ ಗೊತ್ತಾಗಿತ್ತು.

ದೊಡ್ಡಮ್ಮ ಬಾಣಲೆ ಮುಂದೆ ಕೂತು ಮೂರು ಭಾಷೆಯಲ್ಲಿ ಬೈಯುತ್ತ ಪುಡಿ ಮಾಡುವುದನ್ನು ಜನ ಮುಗಿಬಿದ್ದು ನೋಡಿದರು. ಪಾರ್ಸೆಲ್ ಕಟ್ಟಿ ಕಟ್ಟಿ ನನ್ನ ಬೆರಳೆಲ್ಲ ಅಂಟು. ಸಂಜೆಯಾದರೆ ದೊಡ್ಡಮ್ಮ ಗೋಡೆ ಹತ್ತಿರ ಬಂದು ನಿಲ್ಲುತ್ತಿದ್ದರು. ಇವತ್ತು ಎಲ್ಲೆಲ್ಲಿಂದ ನೋಡಿದ್ದಾರೆ ಅಂತ ಕೇಳುವುದು, ನಾನು ಹುಬ್ಬಳ್ಳಿ, ಮೈಸೂರು, ದುಬೈ ಎಂದು ಓದುವುದು. ಬಂಗಾರಪೇಟೆ ಅನ್ನುವ ಹೆಸರು ಬರುವವರೆಗೆ ಕಾದು, ಬರದಿದ್ದರೆ, "ಓಗ್ಲಿ, ನಾಳೆ ನೋಡಾನ" ಎಂದು ಒಳಗೆ ಹೋಗುತ್ತಿದ್ದರು. ನಾನೂ ಒಬ್ಬಳು ಮೂರ್ಖಳ ಹಾಗೆ ದಿನಾ ಹುಡುಕುತ್ತಿದ್ದೆ...

ಆ ದೀಪಾವಳಿಗೆ ಅಧ್ಯಕ್ಷೆಯಮ್ಮನಿಗೆ ಹುರುಪು ಬಂತು. ಹಬ್ಬದ ಶುಭಾಶಯ ಹಾಕಬೇಕು ಎಂದು ದೊಡ್ಡಮ್ಮನ ಒಂದು ಫೋಟೋ ತೆಗೆದುಕೊಂಡು ಅದರ ಸುತ್ತ ಚೆಂಡುಹೂವಿನ ಫ್ರೇಮು ಕೂರಿಸಿ, ಆಚೆಗೊಂದು ಈಚೆಗೊಂದು ದೀಪ ಹಚ್ಚಿ, ಕೆಳಗೆ ಸಣ್ಣಕ್ಷರದಲ್ಲಿ ಶುಭಾಶಯ ಬರೆದು ಎಲ್ಲ ಗ್ರೂಪಿಗೂ ಕಳಿಸಿದರು. ನಮ್ಮ ಜನಕ್ಕೆ ಸಣ್ಣಕ್ಷರ ಓದುವ ಪುರುಸೊತ್ತು ಎಲ್ಲಿದೆ? ವಯಸ್ಸಾದವರ ಫೋಟೋ, ಸುತ್ತ ಹೂವು, ಪಕ್ಕದಲ್ಲಿ ದೀಪ. ಅಂಗಡಿಯವರ ಸಂಘದ ಗ್ರೂಪಿನಲ್ಲಿ ಯಾರೋ ಪುಣ್ಯಾತ್ಮ "ಓಂ ಶಾಂತಿ" ಎಂದು ಕೈಮುಗಿದ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ತಮಿಳಿನಲ್ಲಿ, ತೆಲುಗಿನಲ್ಲಿ ಕಂಬನಿ. ಇಲ್ಲ, ಅವರು ಚೆನ್ನಾಗಿದ್ದಾರೆ ಎಂದು ನಾವು ಹಾಕಿದ್ದು ಆ ಕೈಮುಗಿದ ಚಿತ್ರಗಳ ಅಡಿಯಲ್ಲಿ ಮುಚ್ಚಿಹೋಯಿತು.

ಅಧ್ಯಕ್ಷೆಯಮ್ಮ ಅಳುತ್ತ ಕ್ಷಮೆ ಕೇಳಲು ಬಂದರು. ದೊಡ್ಡಮ್ಮ ನನ್ನಿಂದ ಎಲ್ಲವನ್ನೂ ಓದಿಸಿಕೊಂಡು, "ನಾನು ಇಷ್ಟು ಒಳ್ಳೇಳು ಅಂತ ಬದ್ಕಿದ್ದಾಗ ಒಬ್ರೂ ಏಳ್ಲಿಲ್ವಲ್ಲೇ" ಎಂದು ನಕ್ಕು, ಅಧ್ಯಕ್ಷೆಗೇ ಕಾಫಿ ಮಾಡಿಕೊಟ್ಟರು.

ಮಾರನೆಯ ಬೆಳಿಗ್ಗೆ ಅವರು ಜಗಲಿಯಲ್ಲಿ ಹುಚ್ಚೆಳ್ಳು ಹುರಿಯುತ್ತಿದ್ದರು, ನಾನು ಪಕ್ಕದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆ. ಬೀದಿಯ ತುದಿಯಲ್ಲಿ ಆಟೋ ನಿಂತಿತು. ನರೆತ ಮೀಸೆಯ ಗಂಡಸೊಬ್ಬರು ಎದೆಗೆ ಒಂದು ಬಟ್ಟೆ ಅಂಗಡಿಯ ಕವರು ಅವುಚಿಕೊಂಡು ಅಳುತ್ತ ಬಂದರು, ಹಿಂದೆ ಅವರ ಹೆಂಡತಿ. ದೊಡ್ಡಮ್ಮ ಸೌಟು ಹಿಡಿದೇ ಕೇಳಿದರು. "ಯಾರ್ ಮನೆಗಪ್ಪಾ? ಯಾರು ಓಗ್ಬಿಟ್ರು?"

ಆತ ನಿಂತರು. ನೋಡಿದರು. ಮೆಟ್ಟಿಲ ಮೇಲೆ ಕೂತು, "ಅಕ್ಕಾ" ಅಂದರು.

ದೊಡ್ಡಮ್ಮ ಎದ್ದು ಹತ್ತಿರ ಹೋಗಿ, ಅವರ ಹುಬ್ಬಿನ ಮೇಲಿದ್ದ ಹಳೆಯ ಗಾಯದ ಗುರುತನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. ಯಾಕೆ ಬರಲಿಲ್ಲ, ಇಷ್ಟು ವರ್ಷ ಎಲ್ಲಿದ್ದೆ, ಒಂದನ್ನೂ ಕೇಳಲಿಲ್ಲ. ಕೇಳಿದ್ದು ಒಂದೇ. "ಸೀರೆ ತಂದ್ಯಾ?"

ಆತ ಕವರು ಮುಂದೆ ಹಿಡಿದರು. ಹಸಿರು ಸೀರೆ. ಜೊತೆಗೆ ಹಸಿರು ಬಳೆ, ಅರಿಶಿನ, ಕುಂಕುಮ. ಮುತ್ತೈದೆಯಾಗಿ ಹೋದವಳಿಗೆ ತರುವಂಥದ್ದು. "ಭಾವ ಎಲ್ಲಿ?" ಅಂದರು ತಮ್ಮ. ದೊಡ್ಡಮ್ಮ ಬಳೆಗಳನ್ನು ಕವರಿನೊಳಗೆ ವಾಪಸ್ ಇಟ್ಟರು. "ಅವ್ರು ಓಗಿ ಬಾಳ ವರ್ಸ ಆಯ್ತಲ್ಲೋ ಪುಟ್ಟಾ. ಅದೂ ಗೊತ್ತಿಲ್ವಾ ನಿಂಗೆ?" ಆಗ ಅತ್ತರು, ಇಬ್ಬರೂ. ಹಿಂದೆ ಬಾಣಲೆಯಲ್ಲಿ ಹುಚ್ಚೆಳ್ಳು ಕರ್ರಗಾಗಿ ಹೊಗೆ ಏಳುತ್ತಿತ್ತು. ನಾನೂ ಅಳುತ್ತಿದ್ದೆ, ನೋಡಲಿಲ್ಲ.

ಆ ಫೋಟೋ ಅವರೂರಿನ ಹಾಲಿನ ಸಂಘದ ಗ್ರೂಪಿಗೆ ಹೋಗಿತ್ತಂತೆ. ಡೈರಿಯಲ್ಲಿ ಯಾರೋ ತೋರಿಸಿದಾಗ ಮುಖದಲ್ಲಿ ಅವ್ವನ ಕಳೆ ಕಂಡು ತಮ್ಮ ಗುರುತು ಹಿಡಿದು, ನಮ್ಮ ಸಂಘದ ವಿಳಾಸ ಕೇಳಿಕೊಂಡು ಹೊರಟರಂತೆ. ಅಪ್ಪ ಇದ್ದಾಗ ಭಯ, ಅಪ್ಪ ಹೋದ ಮೇಲೆ ಯಾವ ಮುಖ ಇಟ್ಟುಕೊಂಡು ಬರುವುದು ಅನ್ನುವ ನಾಚಿಕೆ. ಸಾವಿಗಾದರೆ ಕರೆಯದೆಯೂ ಹೋಗಬಹುದಲ್ಲ, ಅದಕ್ಕೇ ಬಂದೆ ಅಂದರು.

ಹೆಣಕ್ಕೆ ತಂದ ಸೀರೆಯನ್ನು ಮನೆಯಲ್ಲಿಡಬಾರದು, ಅಪಶಕುನ ಎಂದು ಬೀದಿಯವರೆಲ್ಲ ಹೇಳಿದರು. ದೊಡ್ಡಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಟ್ರಂಕಿನಲ್ಲಿ ಮೇಲೆಯೇ ಇಟ್ಟರು. ಸಂಕ್ರಾಂತಿಗೆ ಆ ತಮ್ಮ, ಅಷ್ಟರಲ್ಲಿ ನಮಗೆಲ್ಲ ಮಾಮ, ಒಂದು ಚೀಲ ಸೊನೆ ಅವರೆಕಾಯಿ, ಕಬ್ಬು ತಂದರು. ದಿನಾ ಸಂಜೆ ಹಾಲು ಹಾಕಿ ಬಂದು ವಿಡಿಯೋ ಕಾಲ್ ಮಾಡಿ ಹಸು ತೋರಿಸುವುದು, ಅಕ್ಕ ಇಲ್ಲಿಂದ ಅದರ ಕೆಚ್ಚಲು ನೋಡಿ ಬುದ್ಧಿ ಹೇಳುವುದು. ಗೋಡೆಯ ಹತ್ತಿರ ಬಂದು ನನ್ನನ್ನು ಬಂಗಾರಪೇಟೆ ಕೇಳುವುದು ನಿಂತುಹೋಯಿತು...

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಮಗ ಮಾಮನಿಗೆ ಎಷ್ಟು ಸಲ ಮಾಡಿದರೂ ಫೋನ್ ಸ್ವಿಚ್ ಆಫ್. ಅಧ್ಯಕ್ಷೆಯಮ್ಮ ಈ ಸಲ ಫೋಟೋ ಹಾಕಲಿಲ್ಲ, ಹೂವಿಡಲಿಲ್ಲ. ನಾಲ್ಕು ಸಾಲು ಬರೆದು ಗ್ರೂಪುಗಳಿಗೆ ಕಳಿಸಿ, ಆ ಹಾಲಿನ ಸಂಘಕ್ಕೂ ತಲುಪಲಿ ಎಂದರು. ತಲುಪಿತು. ಅಲ್ಲಿ ಎಲ್ಲರೂ ನಕ್ಕರಂತೆ, ಆವಮ್ಮನದು ಮತ್ತೆ ಶುರುವಾಯಿತು ಎಂದು.

ಸಂಜೆ ನಾವು ಹೆಣದ ಸುತ್ತ ಕೂತಿದ್ದೆವು. ಗೂಡಿನಲ್ಲಿದ್ದ ದೊಡ್ಡಮ್ಮನ ಫೋನು ಬಡಿದುಕೊಂಡಿತು. ಮಾಮ ಹಾಲು ಹಾಕಿ ಬರುವ ಹೊತ್ತು, ಆದರೆ ಇವತ್ತು ವಿಡಿಯೋ ಇರಲಿಲ್ಲ. ಯಾರೂ ಏಳದಿದ್ದಾಗ ನಾನೇ ಎತ್ತಿಕೊಂಡೆ. ನಾನು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ನಗು.

"ಏನಕ್ಕೋ, ಮತ್ತೆ ಸತ್ತೋದ್ಯಂತೆ? ಈ ಸಾರಿ ಸೀರೆ ತರಕ್ಕಿಲ್ಲ ನೋಡು."

ನಾನು "ಮಾಮಾ" ಅಂದೆ. ಅಷ್ಟೇ ಆಗಿದ್ದು. ನಗು ನಿಂತಿತು. ಹಿಂದೆ ಹಾಲಿನ ಕ್ಯಾನುಗಳ ಸದ್ದು ಕೇಳುತ್ತಿತ್ತು. ಆಮೇಲೆ ಸಣ್ಣ ಹುಡುಗನ ದನಿಯಲ್ಲಿ, "ಸೀರೆ ತತ್ತೀನಮ್ಮ... ಅಂಗಡಿ ತೆಗ್ದಿರ್ತಾರೇನೋ..." ಅಂದರು.

"ಸೀರೆ ಇದೆ ಮಾಮಾ. ನೀವು ಬನ್ನಿ ಸಾಕು."

ಗಂಡ ಸತ್ತವಳಿಗೆ ಹಸಿರು ಸೀರೆಯೇ ಎಂದು ಬೀದಿಯ ಇಬ್ಬರು ಮುದುಕಿಯರು ತಗಾದೆ ತೆಗೆದರು. ತವರಿನ ಸೀರೆಗೆ ಬಣ್ಣ ಯಾರು ಕೇಳುತ್ತಾರೆ, ಸುಮ್ಮನೆ ಕೂತುಕೊಳ್ಳಿ ಎಂದು ನಾನು ಗದರಿದೆ. ಮಾಮ ಬಂದು ಟ್ರಂಕು ತೆಗೆದು, ತಾವೇ ಮಡಿಕೆ ಬಿಚ್ಚಿ ಹೊದಿಸಿದರು.

ಹೋದ ವಾರ ಹುಚ್ಚೆಳ್ಳು ಹುರಿಯುವಾಗ ಬಂದದ್ದು ಅದೇ ಮಾಮನ ಫೋನು. ಈಗ ಸಂಜೆ ಹಾಲು ಹಾಕಿ ಬಂದ ಮೇಲೆ ಅವರಿಗೆ ಫೋನ್ ಮಾಡಲು ಅಕ್ಕ ಇಲ್ಲ. ಸುಮ್ನೆ ಮಾಡ್ದೆ ಕಣಮ್ಮಾ, ಅನ್ನುತ್ತಾರೆ. ಸಂಘದಲ್ಲಿ ಹೊಸ ಮುಖ ಹುಡುಕುತ್ತಿದ್ದಾರೆ. ಆ ಹೂವಿನ ಫೋಟೋ ಇನ್ನೂ ಪೇಜಿನಲ್ಲಿದೆ, ತೆಗೆಸಿಬಿಡಲಾ ಮಾಮಾ, ಎಂದು ಕೇಳಿದೆ.

ಬಾಣಲೆಯಿಂದ ಹೊಗೆ ಏಳುತ್ತಿರುವುದು ನನಗೆ ಕಾಣುತ್ತಿತ್ತು, ಆದರೂ ಉತ್ತರಕ್ಕೆ ಕಾದೆ.

"ಬ್ಯಾಡ, ಇರ್ಲಿ ಬಿಡಮ್ಮಾ" ಅಂದರು. "ಈಗ ಅದು ಸರ್ಯಾಗೈತೆ."